ಸೇವಂತಿಗೆಗೆ ಕತ್ತಲೆಯೂ ಬೇಕು

ಒಂದೇ ತಾಯಿಗಿಡದ ಎರಡು ಮರಿ. ಒಂದನ್ನು ಗೇಟಿನ ಪಕ್ಕದ ಕುಂಡದಲ್ಲಿ ನೆಟ್ಟೆ, ಇನ್ನೊಂದನ್ನು ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ. ಗೇಟಿನ ಗಿಡಕ್ಕೆ ಉಪಚಾರ ಜಾಸ್ತಿ. ಗೊಬ್ಬರ, ನೀರು ಎಲ್ಲ ಮೊದಲು ಅದಕ್ಕೇ. ದೀಪಾವಳಿ ಹೊತ್ತಿಗೆ ಹಿತ್ತಲಿನ ಗಿಡ ಮೈತುಂಬ ಹಳದಿ ಹೂ ಬಿಟ್ಟಿತು. ಗೇಟಿನದು ಸೊಂಪಾಗಿ ಬೆಳೆದಿತ್ತು, ಆದರೆ ಒಂದೇ ಒಂದು ಮೊಗ್ಗಿಲ್ಲ. ಪಕ್ಕದ ಮನೆ ಅಜ್ಜಿ ‘ಏನೋ ತಾಗಿದೆ’ ಅಂದರು. ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಬೀದಿದೀಪದ ಬೆಳಕು ತಾಗಿತ್ತು.

ಸೇವಂತಿಗೆ ರಾತ್ರಿಯ ಉದ್ದ ನೋಡಿಕೊಂಡು ಹೂ ಬಿಡುವ ಗಿಡ. ಕತ್ತಲೆ ಸಾಕಷ್ಟು ಹೊತ್ತು, ನಡುವೆ ಮುರಿಯದೆ ಇದ್ದರೆ ಮೊಗ್ಗು ಕಟ್ಟುತ್ತದೆ. ಇಲ್ಲದಿದ್ದರೆ ಎಲೆ ಬಿಡುತ್ತಾ ಕೂರುತ್ತದೆ. ಗಿಡಗಳಿಗೆ ಇಂಥ ಲೆಕ್ಕವಿದೆ ಎಂದು 1920ರಲ್ಲಿ ತೋರಿಸಿದವರು ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್. ಅವರು ಹೊಗೆಸೊಪ್ಪು, ಸೋಯಾ ಗಿಡಗಳನ್ನು ಇಟ್ಟುಕೊಂಡು ನೋಡಿದ್ದರು. ಗಿಡ ಹಗಲನ್ನು ಅಳೆಯುತ್ತದೆ ಎಂದುಕೊಂಡು ಇಂಥವಕ್ಕೆ ‘ಚಿಕ್ಕ ಹಗಲಿನ ಗಿಡ’ ಎಂದು ಹೆಸರಾಯಿತು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಬೇರೊಂದು ಗಿಡಕ್ಕೆ ನಡುರಾತ್ರಿ ಸ್ವಲ್ಪ ಹೊತ್ತು ಬೆಳಕು ಬಿಟ್ಟು ನೋಡಿದರು. ಹೂವೇ ಬರಲಿಲ್ಲ. ಅಂದರೆ ಗಿಡದ ಲೆಕ್ಕ ರಾತ್ರಿಯದ್ದು. ಹಳೇ ಹೆಸರು ಮಾತ್ರ ಹಾಗೇ ಉಳಿದುಕೊಂಡಿದೆ.

ಕತ್ತಲೆಯನ್ನು ಗಿಡದ ಯಾವ ಭಾಗ ಅಳೆಯುತ್ತದೆ? ಮೊಗ್ಗು ಬರುವುದು ತುದಿಯಲ್ಲಿ, ಹಾಗಾಗಿ ತುದಿಯೇ ಅಳೆಯಬೇಕು ಅನಿಸುತ್ತದೆ, ಅಲ್ವಾ? ಇದನ್ನು ಪರೀಕ್ಷಿಸಲು ಸೋವಿಯತ್ ವಿಜ್ಞಾನಿ ಚೈಲಖ್ಯಾನ್ 1930ರ ದಶಕದಲ್ಲಿ ಆರಿಸಿಕೊಂಡದ್ದು ನಮ್ಮ ಸೇವಂತಿಗೆಯನ್ನೇ. ಗಿಡದ ಮೇಲಿನ ಎಲೆಗಳನ್ನು ತೆಗೆದರು. ಕೆಳಗಿನ ಎಲೆಗಳಿಗೆ ಉದ್ದ ರಾತ್ರಿ, ಬೋಳು ತುದಿಗೆ ಉದ್ದ ಹಗಲು ಕೊಟ್ಟರು. ಹೂ ಬಂತು. ತಿರುಗಾಮುರುಗಾ ಮಾಡಿದರೆ ಬರಲಿಲ್ಲ. ಅಳೆಯುವುದು ಎಲೆ. ಅಳೆದು ತುದಿಗೆ ಏನೋ ಸುದ್ದಿ ಕಳಿಸುತ್ತದೆ. ಆ ಸುದ್ದಿಗೆ ಅವರು ‘ಫ್ಲೋರಿಜೆನ್’ ಎಂದು ಹೆಸರಿಟ್ಟರು. ಅದು ಒಂದು ಪ್ರೋಟೀನ್ ಎಂದು ಗೊತ್ತಾಗಲು ಸುಮಾರು 70 ವರ್ಷ ಬೇಕಾಯಿತು. ಇನ್ನೂ ಸ್ವಾರಸ್ಯದ ವಿಷಯ 2013ರಲ್ಲಿ ಜಪಾನಿನಿಂದ ಬಂತು. ರಾತ್ರಿ ಬೆಳಕು ಬಿದ್ದರೆ ಸೇವಂತಿಗೆಯ ಎಲೆ ಸುಮ್ನೆ ಇರುವುದಿಲ್ಲ. ‘ಈಗ ಹೂ ಬೇಡ’ ಎಂದು ಹೇಳುವ ಇನ್ನೊಂದು ಪ್ರೋಟೀನನ್ನೇ ತಯಾರಿಸಿ ತುದಿಗೆ ಕಳಿಸುತ್ತದೆ. ನನ್ನ ಗೇಟಿನ ಗಿಡ ತಿಂಗಳುಗಟ್ಟಲೆ ಮಾಡಿದ ಕೆಲಸ ಇದೇ.

ಬೇಸಿಗೆಯಲ್ಲಿ ಲಂಡನ್ನಿನ ಹಗಲು 16 ಗಂಟೆ ದಾಟುತ್ತದೆ. ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಹಾಗಾಗಿ ಇಲ್ಲಿ ಎಷ್ಟೋ ತಳಿಗಳಿಗೆ ರಾತ್ರಿ ಯಾವಾಗಲೂ ಸಾಕಷ್ಟು ಉದ್ದವೇ. ಗಿಡ ಇನ್ನೂ ಗೇಣುದ್ದ ಇರುವಾಗಲೇ ಮೊಗ್ಗು ಕಟ್ಟುವ ಆತುರ ಅದಕ್ಕೆ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದರೆ ಹೊಲದ ತುಂಬ ಬಲ್ಬು ಉರಿಯುವುದು ಕಾಣುತ್ತದೆ. ಜಾತ್ರೆ ಇರಬೇಕು ಅನಿಸುತ್ತದೆ. ಗಿಡ ಚೆನ್ನಾಗಿ ಬೆಳೆದು ಕವಲೊಡೆಯುವವರೆಗೆ ಮೊಗ್ಗು ತಡೆಯಲು ರೈತರು ಹಾಕಿದ ದೀಪ ಅದು. ಹಬ್ಬದಿಂದ ವಾರಗಳ ಲೆಕ್ಕ ಹಿಂದಕ್ಕೆ ಹಾಕಿ ಬಲ್ಬು ಆರಿಸುತ್ತಾರೆ. ಮಾರು ಹೂವಿಗೆ ಇಷ್ಟು ಎಂದು ಬೆಲೆ ಕಟ್ಟಿ ಕೊಳ್ಳುವ ನಮಗೆ ಈ ಲೆಕ್ಕದ ಸುಳಿವೂ ಇರುವುದಿಲ್ಲ.

ಮನೆಯಲ್ಲಿ ಬೆಳೆಯುವವರಿಗೆ ಇಷ್ಟು ಕಷ್ಟವಿಲ್ಲ. ಬಿಸಿಲು ಬೇಕು, ನೀರು ನಿಲ್ಲಬಾರದು. ಕುಂಡದ ಮಣ್ಣಿಗೆ ಮರಳು, ಹಳೇ ಗೊಬ್ಬರ ಸೇರಿಸಿದರೆ ಸಾಕು. ನೀರನ್ನು ಬುಡಕ್ಕೆ ಹಾಕಿ. ಎಲೆ ಮೇಲೆ ಹೊಯ್ದರೆ ಕಪ್ಪು ಚುಕ್ಕೆ ರೋಗ ಕೆಳಗಿನ ಎಲೆಯಿಂದ ಮೇಲಕ್ಕೆ ಹತ್ತುತ್ತದೆ. ಎಳೆ ಕುಡಿಗೆ ಹೇನು ಬಂದರೆ ನೀರನ್ನು ಜೋರಾಗಿ ಚಿಮ್ಮಿಸಿ ತೊಳೆಯಿರಿ, ಬೆಳಗಿನ ಹೊತ್ತು, ಎಲೆ ಬೇಗ ಒಣಗುವ ಹಾಗೆ.

ಎಲ್ಲಕ್ಕಿಂತ ಮುಖ್ಯ ಕೆಲಸ ಕುಡಿ ಚಿವುಟುವುದು. ನೆಟ್ಟು ಒಂದು ತಿಂಗಳಾದ ಮೇಲೆ ತುದಿಯನ್ನು ಉಗುರಿನಿಂದ ಚಿವುಟಿ ಹಾಕಬೇಕು. ನನಗೆ ಮೊದಮೊದಲು ಮನಸ್ಸೇ ಬರುತ್ತಿರಲಿಲ್ಲ. ತುದಿ ಇರುವವರೆಗೆ ಅಲ್ಲಿಂದ ಇಳಿಯುವ ಆಕ್ಸಿನ್ ಎಂಬ ಹಾರ್ಮೋನು ಪಕ್ಕದ ಕಣ್ಣುಗಳನ್ನು ಏಳಲು ಬಿಡುವುದಿಲ್ಲ. ತುದಿ ಹೋದರೆ ಅವೆಲ್ಲ ಒಟ್ಟಿಗೆ ಚಿಗುರುತ್ತವೆ. ಒಂದು ಕಡ್ಡಿ ಇದ್ದದ್ದು ಪೊದೆಯಾಗುತ್ತದೆ. ಇನ್ನೊಂದು ತಿಂಗಳಾದ ಮೇಲೆ ಮತ್ತೊಮ್ಮೆ ಚಿವುಟಬಹುದು. ಮೊಗ್ಗು ಕಂಡ ಮೇಲೆ ಬೇಡ.

ದೀಪಾವಳಿ ಮುಗಿದ ವಾರ ಗೇಟಿನ ಕುಂಡವನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ. ಬೇರೇನೂ ಮಾಡಲಿಲ್ಲ. ತಿಂಗಳೊಳಗೆ ಮೊಗ್ಗು ಕಂಡಿತು, ಸಂಕ್ರಾಂತಿಗೆ ಹೂ. ಹೂ ಮುಗಿದ ಮೇಲೆ ಎರಡೂ ಗಿಡಗಳನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿದ್ದೇನೆ. ಬುಡದ ಸುತ್ತ ಹೊಸ ಮರಿಗಳು ಏಳುತ್ತಿವೆ.

ಅಜ್ಜಿ ತಮಗೂ ಒಂದು ಮರಿ ಬೇಕು ಅಂದಿದ್ದಾರೆ. ಕೊಡುತ್ತೇನೆ. ಆದರೆ ಅವರ ಮನೆಗೆ ಹಿತ್ತಲಿಲ್ಲ, ಜಗುಲಿಯ ಎದುರಿಗೇ ಅದೇ ಬೀದಿದೀಪ. ಗಿಡ ಪೊದೆಯಾದ ಮೇಲೆ ಸಂಜೆ ಆರಕ್ಕೆ ದಪ್ಪ ಕಪ್ಪು ಬಟ್ಟೆ ಹೊದಿಸಿ, ಬೆಳಿಗ್ಗೆ ಏಳಕ್ಕೆ ತೆಗೆಯಿರಿ ಎಂದು ಹೇಳಬೇಕು.