ವಿಕ್ಟೋರಿಯಾ, ವಿಜಯಾ: ಎರಡೂ ಒಂದೇ ಬೇರಿನ ಹೆಸರುಗಳಾ?

ಪ್ರಶ್ನೆ: ಲ್ಯಾಟಿನ್‌ನಲ್ಲಿ ಗೆಲುವಿಗೆ ‘ವಿಕ್ಟೋರಿಯಾ’ ಅಂತಾರೆ. ನಮ್ಮಲ್ಲಿ ‘ವಿಜಯ’. ಎರಡೂ ‘ವಿ’ಯಿಂದಲೇ ಶುರು, ಅರ್ಥವೂ ಒಂದೇ. ಹಾಗಾದರೆ ಮೂಲವೂ ಒಂದೇನಾ?

ಉತ್ತರ: ಅಲ್ಲ. ಆದರೆ ಅನುಮಾನ ಬರುವುದು ಸಹಜ. ಸಂಸ್ಕೃತ ಮತ್ತು ಲ್ಯಾಟಿನ್ ಒಂದೇ ಭಾಷಾ ಕುಟುಂಬದವು ಅಲ್ವಾ?

‘ವಿಜಯ’ವನ್ನು ಬಿಡಿಸಿ ನೋಡಿ. ‘ವಿ’ ಬರೀ ಉಪಸರ್ಗ. ಅದನ್ನು ತೆಗೆದರೂ ‘ಜಯ’ ಉಳಿಯುತ್ತದೆ, ಅರ್ಥ ಕೆಡುವುದಿಲ್ಲ. ಇದರ ಧಾತು ‘ಜಿ’. ಲ್ಯಾಟಿನ್ ಪದವನ್ನು ಹೀಗೆ ಬಿಡಿಸಲು ಬರುವುದಿಲ್ಲ. ಅಲ್ಲಿ ‘ವಿಕ್’ ಅನ್ನುವುದೇ ಪೂರ್ತಿ ಧಾತು. ಕ್ರಿ.ಪೂ. 47ರಲ್ಲಿ ಜೇಲಾ ಯುದ್ಧ ಗೆದ್ದ ಜೂಲಿಯಸ್ ಸೀಸರನ ಮಾತು ‘ವೇನಿ, ವೀಡಿ, ವೀಕಿ’ ನೆನಪಿದೆಯಾ? ಬಂದೆ, ನೋಡಿದೆ, ಗೆದ್ದೆ. ಆ ‘ವೀಕಿ’ ಇದೇ ಧಾತುವಿನದು.

ಹಾಗಂತ ನಂಟೇ ಇಲ್ಲ ಅಂತಲ್ಲ. ಅದು ಪದದ ಆರಂಭದಲ್ಲಿಲ್ಲ, ಕೊನೆಯಲ್ಲಿದೆ. ನನಗೆ ತುಂಬಾ ಖುಷಿ ಕೊಡುವ ಸಂಗತಿ ಇದೇ. ‘ವಿಕ್ಟರ್’ ಅಂದರೆ ಗೆದ್ದವನು. ಅದರ ಕೊನೆಯ ‘ಟರ್’, ಲ್ಯಾಟಿನ್ ಉಚ್ಚಾರದಲ್ಲಿ ‘ತೋರ್’, ಕೆಲಸ ಮಾಡಿದವನನ್ನು ತೋರಿಸುವ ಪ್ರತ್ಯಯ. ಕರ್ತೃ, ದಾತೃ, ನೇತೃ ಪದಗಳಲ್ಲಿರುವ ‘ತೃ’ ಅದರ ಒಡಹುಟ್ಟು. ನಾವು ದಿನಾ ಓದುವ ‘ಪ್ರಶಸ್ತಿ ವಿಜೇತ’ದ ‘ವಿಜೇತ’ ಬಂದಿದ್ದು ‘ವಿಜೇತೃ’ವಿನಿಂದ. ವಿಕ್ಟರ್, ವಿಜೇತೃ: ಧಾತು ಬೇರೆ, ಪದ ಕಟ್ಟಿದ ಬಗೆ ಒಂದೇ. ಆ ವಿಕ್ಟರ್‌ಗೆ ‘ಇಯಾ’ ಸೇರಿದರೆ ವಿಕ್ಟೋರಿಯಾ.

ರೋಮನ್ನರಿಗೆ ವಿಕ್ಟೋರಿಯಾ ಒಬ್ಬ ದೇವತೆ. ಕ್ರಿ.ಪೂ. 294ರಲ್ಲೇ ರೋಮಿನ ಪ್ಯಾಲಟೈನ್ ಬೆಟ್ಟದ ಮೇಲೆ ಅವಳಿಗೆ ಗುಡಿ ಇತ್ತು. ಮುಂದೆ ಸೆನೆಟ್ ಸಭಾಂಗಣದಲ್ಲೂ ಅವಳ ಪೀಠ ಬಂತು. ಕ್ರೈಸ್ತ ಚಕ್ರವರ್ತಿ ಗ್ರೇಶಿಯನ್ ಕ್ರಿ.ಶ. 382ರಲ್ಲಿ ಅದನ್ನು ತೆಗೆಸಿದ. ದೇವತೆ ಹೋದಳು, ಹೆಸರು ಹೋಗಲಿಲ್ಲ. ಅದಕ್ಕೂ ಮೊದಲೇ, ಎರಡನೇ ಶತಮಾನದ ಕೊನೆಯಲ್ಲಿ, ವಿಕ್ಟರ್ ಹೆಸರಿನ ಪೋಪ್ ಇದ್ದರು. ಇಟಲಿಯ ವಿತ್ತೋರಿಯೊ, ಪೋಲೆಂಡಿನ ವಿಕ್ಟೋರಿಯಾ ಇದೇ ಸಾಲಿನವರು. ವಿನ್ಸೆಂಟ್ ಕೂಡ ಇದೇ ಧಾತುವಿನ ಹೆಸರು, ಅರ್ಥ ‘ಗೆಲ್ಲುತ್ತಿರುವವನು’.

ಬ್ರಿಟನ್ನಿನ ರಾಣಿ ವಿಕ್ಟೋರಿಯಾ 1819ರಲ್ಲಿ ಹುಟ್ಟಿದಾಗ ಈ ಹೆಸರು ಅಲ್ಲಿ ಅಪರೂಪ. ಜರ್ಮನ್ ತಾಯಿಯ ಹೆಸರನ್ನೇ ಮಗಳಿಗೂ ಇಟ್ಟಿದ್ದರು, ಅದೂ ಅಲೆಕ್ಸಾಂಡ್ರಿನಾ ಅನ್ನುವುದರ ನಂತರ. 1837ರಲ್ಲಿ ಪಟ್ಟಕ್ಕೆ ಬಂದ ಮೇಲೆ ವಿಕ್ಟೋರಿಯಾ ಎಂದೇ ಪ್ರಸಿದ್ಧಳಾದಳು. ಆಮೇಲೆ ಆಫ್ರಿಕಾದ ಜಲಪಾತಕ್ಕೂ ಆಸ್ಟ್ರೇಲಿಯಾದ ರಾಜ್ಯಕ್ಕೂ ಅದೇ ಹೆಸರು ಬಿತ್ತು. 1900ರಲ್ಲಿ ಶುರುವಾದ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಗೂ ಅಷ್ಟೇ.

ಇನ್ನೊಂದು ಮಾತು. ಮಂಗಳೂರು ಕಡೆಯ ಕ್ರೈಸ್ತರಲ್ಲಿ ವಿಕ್ಟರ್, ವಿನ್ಸೆಂಟ್ ಜೊತೆಗೆ ವೆರೋನಿಕಾ ಹೆಸರೂ ಕೇಳಿಬರುತ್ತದೆ. ಅದರಲ್ಲೂ ಗೆಲುವಿದೆ, ಆದರೆ ಲ್ಯಾಟಿನ್ ಗೆಲುವಲ್ಲ. ಗ್ರೀಕ್‌ನಲ್ಲಿ ಗೆಲುವಿಗೆ ‘ನೀಕೆ’ ಅಂತಾರೆ. ಗೆಲುವು ತರುವವಳು ‘ಬೆರೆನೀಕೆ’. ವೆರೋನಿಕಾ ಹುಟ್ಟಿದ್ದು ಅದರಿಂದ.