ಕ್ಯಾಚ್, ಚೇಸ್ ಮತ್ತು ರಸೀದಿ: ಪದಗಳ ನಂಟಸ್ತಿಕೆಯ ವಿಜ್ಞಾನ

ಕ್ರಿಕೆಟ್ ವೀಕ್ಷಕ ವಿವರಣೆಯಲ್ಲಿ ದಿನವೂ ಕೇಳಿಬರುವ ‘ಕ್ಯಾಚ್’ ಮತ್ತು ‘ಚೇಸ್’ ಒಡಹುಟ್ಟಿದ ಪದಗಳೆಂದರೆ ನಂಬುವವರು ಕಡಿಮೆ. ‘ಕ್ಯಾಪ್ಟನ್’ ಮತ್ತು ‘ಕ್ಯಾಪ್ಚರ್’ ಒಂದೇ ಮೂಲದವು ಎಂದರೆ ಮಾತ್ರ ಯಾರೂ ಅನುಮಾನಿಸುವುದಿಲ್ಲ. ಸಂಗತಿ ಇರುವುದು ತದ್ವಿರುದ್ಧವಾಗಿ. ಕ್ಯಾಪ್ಟನ್ ಬಂದದ್ದು ತಲೆ ಎಂಬರ್ಥದ ಲ್ಯಾಟಿನ್ ‘ಕಪುಟ್’ನಿಂದ. ಕ್ಯಾಪ್ಚರ್, ಕ್ಯಾಚ್, ಚೇಸ್ ಮೂರೂ ಹಿಡಿಯುವುದು, ತೆಗೆದುಕೊಳ್ಳುವುದು ಎಂಬರ್ಥದ ‘ಕಪೆರೆ’ ಧಾತುವಿನ ಸಂತತಿ.

ಲ್ಯಾಟಿನ್ ಆಡುಮಾತು ಫ್ರೆಂಚ್ ಆಗಿ ಬದಲಾಗುವಾಗ, ಪ್ಯಾರಿಸ್ ಸುತ್ತಿನ ನುಡಿಯಲ್ಲಿ ‘ಅ’ ಸ್ವರದ ಹಿಂದಿದ್ದ ಪದಾದಿಯ ಕಕಾರ ಚಕಾರವಾಯಿತು. ಉತ್ತರದ ನಾರ್ಮಂಡಿಯಲ್ಲಿ ಕಕಾರವೇ ಉಳಿಯಿತು. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ನುಡಿಯಿಂದ ಕ್ಯಾಚ್ ಬಂದಿತು. ಪ್ಯಾರಿಸ್ ಫ್ರೆಂಚಿನ ಪ್ರತಿಷ್ಠೆ ಹೆಚ್ಚಿದ ಮೇಲೆ ಅದೇ ಪದ ಚೇಸ್ ಎಂಬ ವೇಷದಲ್ಲಿ ಇನ್ನೊಮ್ಮೆ ಬಂದಿತು. ಇಂಗ್ಲಿಷ್ ಎರಡನ್ನೂ ಇಟ್ಟುಕೊಂಡು, ಒಂದಕ್ಕೆ ಹಿಡಿಯುವ ಕೆಲಸವನ್ನೂ ಇನ್ನೊಂದಕ್ಕೆ ಬೆನ್ನಟ್ಟುವ ಕೆಲಸವನ್ನೂ ಹಂಚಿಕೊಟ್ಟಿತು.

ಇದಕ್ಕಿಂತ ಸೊಗಸಾದದ್ದು ಲ್ಯಾಟಿನ್‌ನೊಳಗೇ ನಡೆದ ಸ್ವರಗಳ ಸೊರಗುವಿಕೆ. ಬಹು ಹಿಂದಿನ ಲ್ಯಾಟಿನ್‌ನಲ್ಲಿ ಉಚ್ಚಾರಣೆಯ ಒತ್ತು ಪದದ ಮೊದಲ ಅಕ್ಷರದ ಮೇಲೆ ಬೀಳುತ್ತಿತ್ತು. ಧಾತುವಿನ ಮುಂದೆ ಉಪಸರ್ಗ ಸೇರಿದೊಡನೆ ಒತ್ತು ಅದರ ಪಾಲಾಗಿ, ಒತ್ತು ಕಳೆದುಕೊಂಡ ಧಾತುವಿನ ‘ಅ’ ಬಡವಾಗುತ್ತಿತ್ತು: ಅಕ್ಷರ ಸ್ವರದಲ್ಲೇ ಕೊನೆಗೊಂಡರೆ ‘ಇ’, ವ್ಯಂಜನದಿಂದ ಮುಚ್ಚಿದ್ದರೆ ‘ಎ’. ಹೀಗಾಗಿ ‘ಕಪೆರೆ’ಯ ರೂಪವಾದ ‘ಕಪಿಯೊ’ಗೆ ‘ರೆ’ ಉಪಸರ್ಗ ಸೇರಿದಾಗ ‘ರೆಕಿಪಿಯೊ’, ಇನ್ನೊಂದು ರೂಪವಾದ ‘ಕಪ್ಟುಮ್’ಗೆ ಸೇರಿದಾಗ ‘ರೆಕೆಪ್ಟುಮ್’. ಈ ಕಕಾರ ಮುಂದೆ ಸಕಾರಕ್ಕೆ ತಿರುಗಿ, ಇಂಗ್ಲಿಷಿನಲ್ಲಿ ಕ್ಯಾಪ್ಚರ್, ರೆಸಿಪಿ, ರಿಸೆಪ್ಷನ್ ಎಂಬ ಮೂರು ಸ್ವರಗಳ ಮೂರು ಪದಗಳು ಉಳಿದಿವೆ. ಇದು ಆಕಸ್ಮಿಕವಲ್ಲ ಎನ್ನಲು, ಮಾಡು ಎಂಬರ್ಥದ ‘ಫಕೆರೆ’ಯ ಮಕ್ಕಳಾದ ಫ್ಯಾಕ್ಟ್, ಡೆಫಿಸಿಟ್, ಡಿಫೆಕ್ಟ್ ಪದಗಳನ್ನು ಪಕ್ಕದಲ್ಲಿಟ್ಟು ನೋಡಬೇಕು; ಅದೇ ಮೂರು ಸ್ವರಗಳು, ಅದೇ ಕಾರಣಕ್ಕೆ.

ಅಂದಹಾಗೆ, ‘ರೆಸಿಪಿ’ ಎಂದರೆ ‘ತೆಗೆದುಕೋ’ ಎಂಬ ಆಜ್ಞೆ. ವೈದ್ಯರು ಔಷಧಿ ಚೀಟಿಯ ತಲೆಯಲ್ಲಿ ಬರೆಯುತ್ತಿದ್ದ ಈ ಪದ, ಕಾಲಿಗೆ ಗೀರೆಳೆದ ‘ಆರ್’ ಅಕ್ಷರವಾಗಿ ಇಂದಿಗೂ ಅಲ್ಲಿಯೇ ಇದೆ. ಅಡುಗೆಮನೆಗೆ ಅದು ಬಂದದ್ದು ಆಮೇಲೆ.

ಧ್ವನಿ ಬದಲಾವಣೆ ಹೀಗೆ ನಿಯಮಬದ್ಧವಾಗಿರುವುದರಿಂದಲೇ ಪದಗಳ ಚರಿತ್ರೆ ವಿಜ್ಞಾನವೆನಿಸಿಕೊಂಡಿದೆ. ಹಳಗನ್ನಡದ ಪಾಲ್, ಪುಲಿ, ಪೊಸ ಎಂಬವು ಹಾಲು, ಹುಲಿ, ಹೊಸ ಆದದ್ದು ಇಂತಹದೇ ಕ್ರಮ. ಲ್ಯಾಟಿನ್ ಮತ್ತು ಇಂಗ್ಲಿಷ್ ಒಂದೇ ಮೂಲಭಾಷೆಯಿಂದ ಕವಲೊಡೆದವು. 1822ರಲ್ಲಿ ಜರ್ಮನ್ ಭಾಷಾವಿಜ್ಞಾನಿ ಯಾಕೋಬ್ ಗ್ರಿಮ್ ವಿವರಿಸಿದ ನಿಯಮದ ಪ್ರಕಾರ, ಆ ಮೂಲದಿಂದ ಲ್ಯಾಟಿನ್ ಕಕಾರವಾಗಿ ಉಳಿಸಿಕೊಂಡ ಧ್ವನಿ ಇಂಗ್ಲಿಷಿನ ಸ್ವಂತ ಪದಗಳ ಆದಿಯಲ್ಲಿ ಹಕಾರವಾಗಿರುತ್ತದೆ: ‘ಕೊರ್ನು’ ಅಲ್ಲಿ, ‘ಹಾರ್ನ್’ ಇಲ್ಲಿ. ಈ ಲೆಕ್ಕದಲ್ಲಿ ‘ಕಪೆರೆ’ಗೆ ದಾಯಾದಿಯಾಗುವ ಇಂಗ್ಲಿಷ್ ಪದ ‘ಹ್ಯಾವ್’. ರೂಪದಲ್ಲಿಯೂ ಅರ್ಥದಲ್ಲಿಯೂ ‘ಹ್ಯಾವ್’ನಂತೆಯೇ ಇರುವ ಲ್ಯಾಟಿನ್ ‘ಹಬೇರೆ’ ಅದಕ್ಕೆ ಏನೂ ಆಗಬೇಕಾಗಿಲ್ಲ. ಲ್ಯಾಟಿನ್ ಹಕಾರಕ್ಕೆ ಇಂಗ್ಲಿಷಿನಲ್ಲಿ ಗಕಾರ ಬರಬೇಕು, ‘ಹೊಸ್ಟಿಸ್’ಗೆ ‘ಗೆಸ್ಟ್’ ಇರುವಂತೆ.

ಸದ್ದು ಹೋಲಿತೆಂದೊಡನೆ ಎರಡು ಪದಗಳಿಗೆ ನಂಟು ಕಟ್ಟಿ, ನಮ್ಮ ಭಾಷೆಯಿಂದಲೇ ಜಗತ್ತಿನ ಭಾಷೆಗಳೆಲ್ಲ ಹುಟ್ಟಿದವೆಂದು ಸಂದೇಶಗಳನ್ನು ಹರಿಯಬಿಡುವವರು ಎಡವುವುದು ಇಲ್ಲಿಯೇ. ಅಂಗಡಿಯಲ್ಲಿ ಹಣ ಕೊಟ್ಟು ಪಡೆಯುವ ‘ರಸೀದಿ’ಯನ್ನು ಇಂಗ್ಲಿಷ್ ‘ರಿಸೀಟ್’ನ ಅಪಭ್ರಂಶವೆಂದು ಭಾವಿಸುವವರು ಎಷ್ಟೋ ಮಂದಿ. ರಿಸೀಟ್ ಕಪೆರೆಯ ಮನೆತನದ್ದು; ಫ್ರೆಂಚ್ ಬಾಯಲ್ಲಿ ಸವೆದುಹೋಗಿದ್ದ ಅದರ ಪಕಾರವನ್ನು, ಉಚ್ಚರಿಸದಿದ್ದರೂ ಲ್ಯಾಟಿನ್ ಮೂಲದ ಗೌರವಕ್ಕಾಗಿ ಬರವಣಿಗೆಗೆ ಮರಳಿ ಸೇರಿಸಲಾಯಿತು. ರಸೀದಿಯಾದರೋ ‘ತಲುಪಿತು’ ಎಂಬರ್ಥದ ಪರ್ಷಿಯನ್ ‘ರಸೀದ್’ನಿಂದ ಬಂದ ಪದ.