ಪದ ಪರಿಚಯ: ಪ್ಯಾರಲಾಕ್ಸ್

ಕಿಟಕಿಯ ಮುಂದೆ ನಿಂತು ಒಂದು ಕಣ್ಣು ಮುಚ್ಚಿ. ದೂರದ ತೆಂಗಿನಮರ ಕಿಟಕಿಯ ಸರಳಿನ ಹಿಂದೆ ಬರುವ ಹಾಗೆ ನಿಲ್ಲಿ. ಈಗ ತಲೆ ಅಲ್ಲಾಡಿಸದೆ ಇನ್ನೊಂದು ಕಣ್ಣಿಂದ ನೋಡಿ. ಸರಳು ಪಕ್ಕಕ್ಕೆ ಸರಿದ ಹಾಗೆ ಕಾಣುತ್ತದೆ, ಅಲ್ವಾ? ಬದಲಾದದ್ದು ಸರಳಲ್ಲ, ನೋಡಿದ ಜಾಗ. ಹೀಗೆ ಸರಿದಂತೆ ಕಾಣುವುದೇ ಪ್ಯಾರಲಾಕ್ಸ್. ನಮ್ಮ ಹಳೆಯ ಗ್ರಹಣದ ಲೆಕ್ಕಗಳಲ್ಲಿ ಇದಕ್ಕೆ ‘ಲಂಬನ’ ಎಂಬ ಹೆಸರಿದೆ. ಹತ್ತಿರದ್ದು ಜಾಸ್ತಿ ಸರಿಯುತ್ತದೆ, ದೂರದ್ದು ಕಡಿಮೆ. ಸರಿದದ್ದು ಎಷ್ಟೆಂದು ಅಳೆದರೆ ದೂರ ಸಿಗುತ್ತದೆ.

ನಕ್ಷತ್ರಕ್ಕೆ ಎರಡು ಕಣ್ಣುಗಳ ನಡುವಿನ ಅಂತರ ಎಲ್ಲಿ ಸಾಕು? ಭೂಮಿ ಸೂರ್ಯನ ಈಚೆ ಇದ್ದಾಗ ಒಮ್ಮೆ, ಆರು ತಿಂಗಳ ನಂತರ ಆಚೆ ಇದ್ದಾಗ ಇನ್ನೊಮ್ಮೆ ನೋಡಬೇಕು. ಭೂಮಿ ಸುತ್ತುತ್ತಿರುವುದು ನಿಜವಾದರೆ ನಕ್ಷತ್ರ ಸರಿದು ಕಾಣಲೇಬೇಕಿತ್ತು. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದ ಕೊಪರ್ನಿಕಸ್ ಕಾಲದಿಂದ ಸುಮಾರು 300 ವರ್ಷ ಹುಡುಕಿದರೂ ನಂಬುವಂಥ ಅಳತೆ ಸಿಕ್ಕಿರಲಿಲ್ಲ. 1838ರಲ್ಲಿ ಅದನ್ನು ಕೊಟ್ಟವರು ಫ್ರೀಡ್ರಿಕ್ ವಿಲ್ಹೆಲ್ಮ್ ಬೆಸೆಲ್.

1784ರಲ್ಲಿ ಜರ್ಮನಿಯ ಮಿಂಡನ್‌ನಲ್ಲಿ ಹುಟ್ಟಿದ ಬೆಸೆಲ್ ಶಾಲೆ ಬಿಟ್ಟು ಬ್ರೆಮೆನ್‌ನ ವ್ಯಾಪಾರಿ ಕಂಪನಿಗೆ ಕೆಲಸ ಕಲಿಯಲು ಸೇರಿದರು. ಹಡಗಿನ ದಾರಿ ಲೆಕ್ಕ ಹಾಕುವುದನ್ನು ಕಲಿಯಲು ಹೊರಟವರಿಗೆ ಆಕಾಶದ ಗಣಿತ ಅಂಟಿಕೊಂಡಿತು. 1804ರಲ್ಲಿ ಹ್ಯಾಲಿ ಧೂಮಕೇತುವಿನ ದಾರಿಯನ್ನು 1607ರ ಹಳೆಯ ದಾಖಲೆಗಳಿಂದ ಲೆಕ್ಕ ಹಾಕಿ ಓಲ್ಬರ್ಸ್ ಎಂಬ ಖಗೋಳಜ್ಞರಿಗೆ ತೋರಿಸಿದರು. ಅಲ್ಲಿಂದ ಬದುಕಿನ ದಾರಿಯೇ ಬದಲಾಯಿತು. ಕಾಲೇಜು ಮೆಟ್ಟಿಲು ಹತ್ತದವರು 25ನೇ ವಯಸ್ಸಿಗೇ ಕೋನಿಗ್ಸ್‌ಬರ್ಗ್ ವೀಕ್ಷಣಾಲಯದ ಮುಖ್ಯಸ್ಥರಾಗಿ ನೇಮಕಗೊಂಡರು. 1846ರಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಇದ್ದರು. ಆ ಊರು ಈಗ ರಷ್ಯಾದ ಕಲಿನಿನ್‌ಗ್ರಾಡ್.

ಅವರ ಬಳಿ ಇದ್ದದ್ದು ಹೀಲಿಯೋಮೀಟರ್ ಎಂಬ ದೂರದರ್ಶಕ. ಅದರ ಮಸೂರವನ್ನು ನಟ್ಟನಡುವೆ ಎರಡು ಹೋಳು ಮಾಡಲಾಗಿತ್ತು! ಒಂದು ಹೋಳನ್ನು ತಿರುಪಿನಿಂದ ನಿಧಾನವಾಗಿ ಸರಿಸಿದರೆ ಎರಡು ನಕ್ಷತ್ರಗಳ ಬಿಂಬಗಳು ಒಂದಕ್ಕೊಂದು ಕೂಡುತ್ತವೆ. ತಿರುಪು ಎಷ್ಟು ತಿರುಗಿತು ಅನ್ನುವುದರಿಂದ ಅವುಗಳ ನಡುವಿನ ಕೋನ ತಿಳಿಯುತ್ತದೆ. ಬೆಸೆಲ್ ಆರಿಸಿಕೊಂಡದ್ದು ರಾಜಹಂಸ ಪುಂಜದ ‘61 ಸಿಗ್ನಿ’ ಎಂಬ ಮಂಕು ನಕ್ಷತ್ರ. ಹೊಳೆಯುವುದೆಲ್ಲ ಹತ್ತಿರ ಇರಬೇಕೆಂದಿಲ್ಲ. ಇದು ವರ್ಷದಿಂದ ವರ್ಷಕ್ಕೆ ಆಕಾಶದಲ್ಲಿ ಬೇಗ ಬೇಗ ಜಾಗ ಬದಲಿಸುತ್ತಿತ್ತು, ಹಾಗಾಗಿ ಹತ್ತಿರದ್ದೇ ಇರಬೇಕೆಂದು ಊಹಿಸಿದರು. ಎಂಥ ಒಳ್ಳೆಯ ಊಹೆ! ಒಂದು ವರ್ಷಕ್ಕೂ ಜಾಸ್ತಿ ಕಾಲ ಅಳೆದ ಮೇಲೆ ಸಿಕ್ಕ ಕೋನ (ಆರು ತಿಂಗಳಲ್ಲಿ ಒಟ್ಟು ಸರಿದದ್ದರ ಅರ್ಧ) 0.31 ಸೆಕೆಂಡ್. ಒಂದು ಡಿಗ್ರಿಯಲ್ಲಿ ಇಂಥ ಸೆಕೆಂಡ್‌ಗಳು 3,600. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು 16 ಕಿಲೋಮೀಟರ್ ದೂರದಿಂದ ನೋಡಿದರೆ ಹೆಚ್ಚುಕಡಿಮೆ ಇಷ್ಟೇ ಕಾಣುತ್ತದೆ. ಇದರಿಂದ ಬಂದ ದೂರ 10.3 ಬೆಳಕಿನ ವರ್ಷ, ಅಂದರೆ ಬೆಳಕು ಅಷ್ಟು ವರ್ಷದಲ್ಲಿ ಸಾಗುವ ದೂರ. ಇಂದಿನ ಅಳತೆ 11.4.

ಅದೇ ದಶಕದಲ್ಲಿ ಬೆಸೆಲ್, ಸೇನೆಯ ಅಧಿಕಾರಿ ಬಾಯರ್ ಜೊತೆ ಸೇರಿ ಕೋನಿಗ್ಸ್‌ಬರ್ಗ್ ಇದ್ದ ಪ್ರಾಂತ್ಯವಾದ ಪೂರ್ವ ಪ್ರಷ್ಯಾದ ನೆಲವನ್ನೂ ಅಳೆದಿದ್ದರು. ಅಲ್ಲೂ ಇದೇ ಉಪಾಯ: ಗೊತ್ತಿರುವ ಒಂದು ಬದಿ, ಎರಡು ಕೋನ, ಒಂದು ತ್ರಿಕೋನ. ನೆಲದ ಮೇಲೆ ಆ ಬದಿ ತಾವೇ ಅಳೆದ ಗೆರೆ, ಆಕಾಶಕ್ಕೆ ಭೂಮಿ ಸುತ್ತುವ ದಾರಿಯ ಅಗಲ. ಇಂಥ ಹಲವು ದೇಶಗಳ ಅಳತೆಗಳನ್ನು ಕೂಡಿಸಿ, ಧ್ರುವಗಳಲ್ಲಿ ಭೂಮಿ ಎಷ್ಟು ಚಪ್ಪಟೆಯಾಗಿದೆ ಎಂದು 1841ರಲ್ಲಿ ಲೆಕ್ಕ ಕೊಟ್ಟರು: ಸಮಭಾಜಕದ ಅಡ್ಡಗಲಕ್ಕಿಂತ ಧ್ರುವದಿಂದ ಧ್ರುವಕ್ಕಿರುವ ಅಂತರ ಸುಮಾರು 299ರಲ್ಲಿ ಒಂದು ಪಾಲು ಕಡಿಮೆ. ಜಪಾನ್ 2002ರ ತನಕ ತನ್ನ ನಕ್ಷೆಗಳಿಗೆ ಬಳಸಿದ್ದು ಬೆಸೆಲ್ ಕೊಟ್ಟ ಈ ಆಕಾರವನ್ನೇ.